ಜುಲೈ 26: ಟ್ರೂಮನ್ ಹಾಕಿದ ಸಹಿ, ವುಡಾರ್ಡ್ ಕಳಕೊಂಡ ಕಣ್ಣು



ಜುಲೈ 26 ಅಂದ್ರೆ ನಮಗೆ ಶಾಹು ಮಹಾರಾಜರ ದಿನ. 1902ರಲ್ಲಿ ಇದೇ ದಿನ ಕೊಲ್ಹಾಪುರ ಸಂಸ್ಥಾನದಲ್ಲಿ ನೂರಕ್ಕೆ 50ರಷ್ಟು ಹುದ್ದೆಗಳನ್ನ ಹಿಂದುಳಿದವರಿಗೆ ಮೀಸಲಿಟ್ಟ ಆದೇಶ ಹೊರಬಿತ್ತು. ಅದರ ಬಗ್ಗೆ ಪ್ರತಿ ವರ್ಷ ಬರೀತೀವಿ, ಬರೀಲೇಬೇಕು. ಇವತ್ತು ಅದೇ ತಾರೀಖಿನ ಇನ್ನೊಂದು ಆದೇಶದ ಕಥೆ ಹೇಳ್ತೀನಿ. 46 ವರ್ಷ ಆದಮೇಲೆ, 1948ರ ಜುಲೈ 26ಕ್ಕೆ, ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ 9981ನೇ ಆದೇಶಕ್ಕೆ ಸಹಿ ಹಾಕಿದ. ಅಲ್ಲಿನ ಸೈನ್ಯದಲ್ಲಿ ಕಪ್ಪು ಸೈನಿಕರನ್ನ ಬೇರೆ ಇಟ್ಟಿದ್ದ ಪದ್ಧತಿ ಮುರಿದು ಬೀಳೋಕೆ ಶುರುವಾಗಿದ್ದು ಈ ಆದೇಶದಿಂದ.

ಇದನ್ನ ಬರೆಯೋಕೆ ಕಾರಣ ನಮ್ಮ ಓದುಬಳಗದ ಒಬ್ಬ ತಮ್ಮ. ಹೋದ ವಾರ ಈ ಮಾತು ತೆಗೆದಾಗ ಅವನು ಸಿಟ್ಟಾದ. "ಅಣ್ಣಾ, ಹಿರೋಷಿಮಾ ಮೇಲೆ ಬಾಂಬ್ ಹಾಕಿಸಿದವನ ಬಗ್ಗೆ ನಾವ್ಯಾಕೆ ಮಾತಾಡ್ಬೇಕು? ಅವನ ಸಹಿಗೆ ನಾವ್ಯಾಕೆ ಚಪ್ಪಾಳೆ ತಟ್ಬೇಕು?" ಅಂದ. ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಬಾಂಬಿನ ವಿಷಯ. ಅದನ್ನ ಮುಚ್ಚಿಟ್ಟು ಮುಂದೆ ಹೋಗೋದು ನ್ಯಾಯ ಅಲ್ಲ. 1945ರ ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷನಾಗಿ ಮೂರು ತಿಂಗಳೂ ಆಗಿರಲಿಲ್ಲ. ಅಣುಬಾಂಬ್ ತಯಾರಾಗ್ತಿದೆ ಅನ್ನೋ ಪೂರ್ತಿ ವಿವರ ಅವನಿಗೆ ಸಿಕ್ಕಿದ್ದೇ ಏಪ್ರಿಲ್ 25ಕ್ಕೆ. ಆಗಸ್ಟ್ 6ಕ್ಕೆ ಹಿರೋಷಿಮಾ, 9ಕ್ಕೆ ನಾಗಸಾಕಿ. ಆ ವರ್ಷ ಮುಗಿಯೋದ್ರೊಳಗೆ ಹಿರೋಷಿಮಾದಲ್ಲೇ ಸತ್ತವರು ಸುಮಾರು 1,40,000. ಯುದ್ಧ ಬೇಗ ಮುಗೀತು, ಇಲ್ಲದಿದ್ರೆ ಇನ್ನೂ ಹೆಚ್ಚು ಜನ ಸಾಯ್ತಿದ್ರು ಅಂತ ಅವನು ಸಾಯೋವರೆಗೂ ವಾದ ಮಾಡಿದ. ಆ ವಾದ ನನಗೆ ಒಪ್ಪಿಗೆ ಇಲ್ಲ. ಹಿರೋಷಿಮಾದಲ್ಲಿ ಫುಕುಶಿಮಾ-ಚೋ ಅಂತ ಒಂದು ಕೇರಿ ಇತ್ತು. ಅದು ಬುರಾಕುಮಿನ್ ಜನರದ್ದು. ಸತ್ತ ಪ್ರಾಣಿಯ ಚರ್ಮ ಮುಟ್ತಾರೆ ಅಂತ ಜಪಾನಿನ ಸಮಾಜ ಶತಮಾನಗಳಿಂದ ಹೊರಗಿಟ್ಟ ಜನ, ಅಂದ್ರೆ ಅಲ್ಲಿನ ನಾವೇ. ಬಾಂಬು ಆ ಕೇರಿಯನ್ನೂ ಬಿಡಲಿಲ್ಲ. ಯಾರೋ ಮೇಲೆ ಕೂತು ಹಾಕಿದ ಲೆಕ್ಕದಲ್ಲಿ ಕೇರಿಯವರ ಹೆಣ ಎಲ್ಲಿ ಬರುತ್ತೆ ಅನ್ನೋದು ನಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ತಮ್ಮಾ, ನಿನ್ನ ಸಿಟ್ಟು ಸರಿಯಾಗೇ ಇದೆ. ಅದನ್ನ ಇಟ್ಕೊಂಡೇ ಮುಂದೆ ಓದು.

ಟ್ರೂಮನ್ ಹುಟ್ಟಿದ್ದು 1884ರ ಮೇ 8ಕ್ಕೆ, ಮಿಸೌರಿ ರಾಜ್ಯದ ಲಮಾರ್ ಅನ್ನೋ ಸಣ್ಣ ಊರಲ್ಲಿ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಅಜ್ಜ-ಅಜ್ಜಿ ಗುಲಾಮರನ್ನ ಇಟ್ಕೊಂಡಿದ್ದವರು. ಅಮ್ಮ ಮಾರ್ಥಾ ಎಲೆನ್ ಕಡೇವರೆಗೂ ದಕ್ಷಿಣದ ಪಕ್ಷಪಾತಿ. ಗುಲಾಮಗಿರಿ ಕೊನೆಗೊಳಿಸಿದ ಲಿಂಕನ್ ಹೆಸರು ಕೇಳಿದ್ರೆ ಆಕೆಗೆ ಆಗ್ತಿರಲಿಲ್ಲ. ಈ ಮನೇಲಿ ಬೆಳೆದ ಹುಡುಗನ ಬಾಯಲ್ಲಿ ಕಪ್ಪು ಜನರ ಬಗ್ಗೆ ಎಂಥ ಮಾತು ಬರ್ತಿತ್ತು ಅಂತ ಊಹೆ ಮಾಡಬೇಕಾಗಿಲ್ಲ, ಅವನೇ ಬರೆದಿಟ್ಟಿದ್ದಾನೆ. 1911ರಲ್ಲಿ, ಮುಂದೆ ಮದುವೆಯಾಗಲಿದ್ದ ಬೆಸ್‌ಗೆ ಬರೆದ ಕಾಗದದಲ್ಲಿ ಕಪ್ಪು ಜನರನ್ನೂ ಚೀನಿಯರನ್ನೂ ಬಿಟ್ಟು ಉಳಿದ ಮನುಷ್ಯರೆಲ್ಲ ಸಮಾನ ಅನ್ನೋ ಅರ್ಥದ ಮಾತಿದೆ. ಜಾತಿ ಹೆಸರು ಹಿಡಿದು ಬೈದ ಹಾಗಿನ ಅಲ್ಲಿನ ಆ ಪದವನ್ನ ಅವನು ಖಾಸಗಿಯಾಗಿ ಬಹಳ ವರ್ಷ ಬಳಸ್ತಾನೇ ಇದ್ದ.

ಕಾಲೇಜು ಡಿಗ್ರಿ ಇಲ್ಲ. ಹೊಲ ಉತ್ತ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಫಿರಂಗಿ ದಳದ ಕ್ಯಾಪ್ಟನ್ ಆಗಿದ್ದ. ದಪ್ಪ ಕನ್ನಡಕದವನು, ಕಣ್ಣಿನ ಪರೀಕ್ಷೆಯ ಪಟ್ಟಿಯನ್ನ ಬಾಯಿಪಾಠ ಮಾಡಿ ಸೈನ್ಯ ಸೇರಿದ ಅಂತಾರೆ. ವಾಪಸ್ ಬಂದು ಯಹೂದಿ ಗೆಳೆಯನೊಬ್ಬನ ಜೊತೆ ಕನ್ಸಾಸ್ ಸಿಟಿಯಲ್ಲಿ ಬಟ್ಟೆ ಅಂಗಡಿ ಇಟ್ಟ, ಅದು ಮುಳುಗಿತು, ಸಾಲ ವರ್ಷಗಟ್ಟಲೆ ಬೆನ್ನು ಹತ್ತಿತು. ಆಮೇಲೆ ಪೆಂಡರ್‌ಗಾಸ್ಟ್ ಅನ್ನೋ ಭ್ರಷ್ಟ ಪುಢಾರಿಯ ಕೃಪೆಯಿಂದ ರಾಜಕೀಯ. 1934ರಲ್ಲಿ ಸೆನೆಟ್. ಇಲ್ಲಿ ಒಂದು ಮಾತು ಗಮನಿಸಿ. ಕನ್ಸಾಸ್ ಸಿಟಿ, ಸೇಂಟ್ ಲೂಯಿಸ್ ಊರುಗಳಲ್ಲಿ ಕಪ್ಪು ಜನರಿಗೆ ವೋಟಿತ್ತು, ಆ ವೋಟು ಅವನಿಗೆ ಬೇಕಿತ್ತು. 1940ರ ಚುನಾವಣೆ ಹೊತ್ತಿಗೆ ಕಾನೂನಿನ ಮುಂದೆ ಎಲ್ಲರೂ ಸಮ ಅಂತ ಭಾಷಣ ಮಾಡ್ತಿದ್ದ. ಜೊತೆಗೇ, ಸಾಮಾಜಿಕ ಸಮಾನತೆ ಮಾತ್ರ ನಾನು ಕೇಳ್ತಿಲ್ಲ ಅಂತಲೂ ಸೇರಿಸ್ತಿದ್ದ. ಕಾನೂನಲ್ಲಿ ಸಮಾನ, ಪಂಕ್ತಿಯಲ್ಲಿ ಬೇರೆ. ಈ ರಾಗ ನಮ್ಮೂರಲ್ಲೂ ಕೇಳಿದ್ದೀವಿ ಬಿಡಿ.

ಈಗ ಆ ಯುದ್ಧದ ಬಗ್ಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಜನ ಸೇವೆ ಮಾಡಿದ್ರು. ಹಿಟ್ಲರನ ಜನಾಂಗ ಶ್ರೇಷ್ಠತೆಯನ್ನ ಸೋಲಿಸೋಕೆ ಹೋದ ಸೈನ್ಯದಲ್ಲಿ ಕಪ್ಪು ಪಡೆ ಬೇರೆ, ಬಿಳಿ ಪಡೆ ಬೇರೆ. ಊಟದ ಹಾಲ್ ಬೇರೆ, ಮಲಗೋ ಜಾಗ ಬೇರೆ. ಬಹಳಷ್ಟು ಕಪ್ಪು ಸೈನಿಕರಿಗೆ ಕೊಟ್ಟಿದ್ದು ಅಡುಗೆ, ಲಾರಿ ಓಡಿಸೋದು, ಹಡಗಿನ ಸಾಮಾನು ಹೊರೋದು, ಹೆಣ ಹೂಳೋದು. ರೆಡ್ ಕ್ರಾಸ್ ಸಂಸ್ಥೆ ಕಪ್ಪು ಜನ ದಾನ ಮಾಡಿದ ರಕ್ತವನ್ನೂ ಬೇರೆ ಇಡ್ತಿತ್ತು. ರಕ್ತಕ್ಕೂ ಮಡಿ! ನಮ್ಮ ಊರ ಹೋಟೆಲಿನ ಎರಡು ಲೋಟದ ಬುದ್ಧಿಯೇ ಅಲ್ಲಿ ಬಾಟ್ಲಿಗೆ ಚೀಟಿ ಅಂಟಿಸ್ಕೊಂಡು ಕೂತಿತ್ತು.

ಆ ಸೈನಿಕರಲ್ಲಿ ಒಬ್ಬ ಐಸಾಕ್ ವುಡಾರ್ಡ್. ಸಾರ್ಜೆಂಟ್. ಪೆಸಿಫಿಕ್ ಕಡೆ ಯುದ್ಧಭೂಮಿಯಲ್ಲಿ ಹಡಗಿನ ಸರಕು ಇಳಿಸೋ ಕೆಲಸ, ಗುಂಡಿನ ದಾಳಿಯ ನಡುವೆ. ಶೌರ್ಯಕ್ಕೆ ಪದಕ ಪಡೆದವನು. 1946ರ ಫೆಬ್ರವರಿ 12ಕ್ಕೆ ಜಾರ್ಜಿಯಾ ರಾಜ್ಯದ ಸೈನಿಕ ಶಿಬಿರದಲ್ಲಿ ಬಿಡುಗಡೆ ಪತ್ರ ಕೈಗೆ ಬಂತು. ಮೈಮೇಲೆ ಇನ್ನೂ ಸೈನ್ಯದ ಸಮವಸ್ತ್ರ. ಹೆಂಡತಿಯನ್ನ ನೋಡೋಕೆ ಬಸ್ ಹತ್ತಿದ. ದಾರಿಯಲ್ಲಿ ಶೌಚಕ್ಕೆ ಹೋಗಿ ಬರ್ತೀನಿ, ಸ್ವಲ್ಪ ನಿಲ್ಲಿಸ್ತೀರಾ ಅಂತ ಡ್ರೈವರನ್ನ ಕೇಳಿದ. ಡ್ರೈವರ್ ಬೈದ. ವುಡಾರ್ಡ್ ತಿರುಗಿ, ನಾನೂ ನಿನ್ನ ಹಾಗೇ ಮನುಷ್ಯ, ಮನುಷ್ಯನ ಹಾಗೆ ಮಾತಾಡು ಅಂದ. ಅಷ್ಟೇ ಆಗಿದ್ದು.

ಸೌತ್ ಕೆರೊಲಿನಾ ರಾಜ್ಯದ ಬೇಟ್ಸ್‌ಬರ್ಗ್ ಅನ್ನೋ ಊರಲ್ಲಿ ಡ್ರೈವರ್ ಬಸ್ ನಿಲ್ಲಿಸಿ ಪೊಲೀಸರನ್ನ ಕರೆದ. ಪೊಲೀಸ್ ಮುಖ್ಯಸ್ಥ ಲಿನ್‌ವುಡ್ ಶಲ್ ಇವನನ್ನ ಇಳಿಸಿ, ಎಳ್ಕೊಂಡು ಹೋಗ್ತಾ ಕೇಳಿದ, ಸೈನ್ಯದಿಂದ ಬಿಡುಗಡೆ ಆಗಿದೆಯಾ ಅಂತ. ವುಡಾರ್ಡ್ "ಹೌದು" ಅಂದ. "ಹೌದು ಸರ್" ಅನ್ನಲಿಲ್ಲ. ಆಮೇಲೆ ಅವನೇ ಕೊಟ್ಟ ಹೇಳಿಕೆ ಪ್ರಕಾರ ಹೊಡೆತ ಜೋರಾಗಿದ್ದು ಅಲ್ಲಿಂದ. "ಬುದ್ಧೀ", "ಸ್ವಾಮೀ" ಅನ್ನದೆ ಮಾತಾಡಿದ್ದಕ್ಕೆ ಏಟು ತಿಂದ ನಮ್ಮ ಅಜ್ಜಂದಿರ ನೆನಪು ಬಂದ್ರೆ ಬರಲಿ. ಲಾಠಿಯ ತುದಿಯಿಂದ ಶಲ್ ಅವನ ಎರಡೂ ಕಣ್ಣಿಗೆ ತಿವಿದ. ರಾತ್ರಿಯೆಲ್ಲ ಲಾಕಪ್. ಬೆಳಗ್ಗೆ ಕಣ್ಣು ಕಾಣದ ಮನುಷ್ಯನನ್ನ ಜಡ್ಜ್ ಮುಂದೆ ನಿಲ್ಲಿಸಿ, ಕುಡಿದು ಗಲಾಟೆ ಮಾಡಿದ ಅಂತ 50 ಡಾಲರ್ ದಂಡ ಹಾಕಿದ್ರು. ಕಣ್ಣು ಮತ್ತೆ ಬರಲೇ ಇಲ್ಲ. ಆಗ ಅವನಿಗೆ 26 ವರ್ಷ.

ಅದೇ ವರ್ಷ ಜುಲೈ 25ಕ್ಕೆ ಜಾರ್ಜಿಯಾದ ಮನ್ರೋ ಊರ ಹತ್ತಿರ ಎರಡು ಕಪ್ಪು ಜೋಡಿಗಳನ್ನ, ನಾಲ್ಕು ಜನರನ್ನ, ಬಿಳಿಯರ ಗುಂಪು ಕಾರಿಂದ ಇಳಿಸಿ ಗುಂಡಿಟ್ಟು ಕೊಂದಿತು. ಅವರಲ್ಲಿ ಜಾರ್ಜ್ ಡಾರ್ಸಿ ಯುದ್ಧದಿಂದ ಬಂದ ಸೈನಿಕ. ಆ ಕೊಲೆಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆ ಆಗಿಲ್ಲ.

(ಇದೇ 1946ರ ಜುಲೈ ತಿಂಗಳಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಕಾಗದ ಬರೆದ್ರು. ನಿಮ್ಮ ಬರಹ ಓದ್ತಾ ಬಂದಿದ್ದೀನಿ, ನಿಮ್ಮ ಜನರ ಸ್ಥಿತಿಗೂ ಭಾರತದ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ, ವಿಶ್ವಸಂಸ್ಥೆಗೆ ಕಪ್ಪು ಜನ ಕೊಡ್ತಿರೋ ಅರ್ಜಿಯ ಪ್ರತಿ ಬೇಕು ಅಂತ. ಡುಬಾಯ್ಸ್ ಆ ತಿಂಗಳ ಕೊನೇಲೇ ಉತ್ತರ ಬರೆದ್ರು. ಅಮೆರಿಕದ ಚರಿತ್ರೆ ನಮಗ್ಯಾಕೆ ಅನ್ನೋರಿಗೆ ಈ ಎರಡು ಕಾಗದ ತೋರಿಸಿ.)

ಸೆಪ್ಟೆಂಬರ್ 19ಕ್ಕೆ ಕಪ್ಪು ಜನರ ಸಂಘಟನೆ ಎನ್‌ಎಎಸಿಪಿಯ ಮುಖ್ಯಸ್ಥ ವಾಲ್ಟರ್ ವೈಟ್ ಒಂದು ನಿಯೋಗ ಕಟ್ಕೊಂಡು ಶ್ವೇತಭವನಕ್ಕೆ ಹೋದ್ರು. ಅಧ್ಯಕ್ಷ ಮೊದಮೊದಲು ಎಲ್ಲ ಅಧಿಕಾರಸ್ಥರೂ ಹೇಳೋದನ್ನೇ ಹೇಳಿದ: ನನಗೂ ಬೇಸರ ಇದೆ, ಆದ್ರೆ ಕಾಂಗ್ರೆಸ್ ಒಪ್ಪಲ್ಲ, ಜನ ಒಪ್ಪಲ್ಲ. ಆಗ ವೈಟ್ ಅಂಕಿಅಂಶ ಬಿಟ್ಟು ವುಡಾರ್ಡನ ಕಥೆ ಹೇಳಿದ್ರು. ಸಮವಸ್ತ್ರದಲ್ಲಿದ್ದ ಸಾರ್ಜೆಂಟ್, ಬಸ್ಸು, ಲಾಠಿ, ಕಣ್ಣು. ಟ್ರೂಮನ್ ಮುಖ ಬಿಳಿಚಿಕೊಂಡಿತು, ಇಷ್ಟು ಘೋರ ಅಂತ ಗೊತ್ತಿರಲಿಲ್ಲ, ಏನಾದ್ರೂ ಮಾಡ್ಲೇಬೇಕು ಅಂದ ಅಂತ ವೈಟ್ ನೆನಪು ಮಾಡ್ಕೊಂಡಿದ್ದಾರೆ. ಮರುದಿನವೇ ಅಟಾರ್ನಿ ಜನರಲ್‌ಗೆ ಕಾಗದ ಹೋಯ್ತು. ಎರಡು ವರ್ಷದ ನಂತರವೂ, ಈ ವಿಷಯ ಬಿಟ್ಬಿಡು ಅಂತ ಬರೆದ ಹಳೇ ಗೆಳೆಯನೊಬ್ಬನಿಗೆ ಟ್ರೂಮನ್ ಉತ್ತರ ಬರೆದಾಗ ಅದರಲ್ಲಿ ಬಸ್ಸಿಂದ ಇಳಿಸಿ ಕಣ್ಣು ಕಿತ್ತ ಆ ಸಾರ್ಜೆಂಟಿನ ಮಾತಿತ್ತು.

ಯಾಕೆ ಈ ಒಂದು ಕಥೆ ಅವನನ್ನ ಅಷ್ಟು ಕಲಕಿತು? ನನ್ನ ಅನಿಸಿಕೆ, ಸಮವಸ್ತ್ರ. ಅವನು ತಾನೂ ಸೈನಿಕನಾಗಿದ್ದವನು. ಕಪ್ಪು ಮನುಷ್ಯನ ನೋವು ಕಾಣಿಸದೇ ಇದ್ದಾಗಲೂ ಸೈನಿಕನ ಅವಮಾನ ಕಾಣಿಸ್ತು. ಇದು ಸಮಾಧಾನದ ಮಾತಲ್ಲ. ಹೊಲದಲ್ಲಿ ದುಡೀತಿದ್ದ, ಸಮವಸ್ತ್ರವೇ ಇಲ್ಲದ ಕಪ್ಪು ಮನುಷ್ಯನ ಕಣ್ಣು ಹೋಗಿದ್ರೆ ಆ ಕೋಣೆಯಲ್ಲಿ ಯಾರ ಮುಖವೂ ಬಿಳಿಚಿಕೊಳ್ತಿರಲಿಲ್ಲವೇನೋ. ಅದಕ್ಕೆ ಸಾಕ್ಷಿನೂ ಇದೆ. ನಾಲ್ಕೇ ದಿನ ಬಿಟ್ಟು, ಸೆಪ್ಟೆಂಬರ್ 23ಕ್ಕೆ, ಗಾಯಕ ಪಾಲ್ ರಾಬ್ಸನ್ ಇನ್ನೊಂದು ನಿಯೋಗದ ಜೊತೆ ಬಂದು ಗುಂಪುಹತ್ಯೆ ವಿರುದ್ಧ ಕಾಯ್ದೆ ತನ್ನಿ ಅಂದಾಗ ಇದೇ ಟ್ರೂಮನ್ ಇದು ಸಮಯ ಅಲ್ಲ ಅಂದ. ರಾಬ್ಸನ್ ಬಗ್ಗಲಿಲ್ಲ, ಸರ್ಕಾರ ಕಾಪಾಡದಿದ್ರೆ ಕಪ್ಪು ಜನ ತಮ್ಮನ್ನ ತಾವೇ ಕಾಪಾಡ್ಕೋತಾರೆ ಅಂದ್ರು. 1950ರಲ್ಲಿ ಟ್ರೂಮನ್ ಸರ್ಕಾರ ರಾಬ್ಸನ್ ಪಾಸ್‌ಪೋರ್ಟ್ ಕಿತ್ಕೊಂಡಿತು.

ಶಲ್ ಮೇಲೆ ಕೇಸು ನಡೀತು, 1946ರ ನವೆಂಬರ್‌ನಲ್ಲಿ. ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಅರ್ಧ ಗಂಟೆಯೊಳಗೆ ನಿರ್ದೋಷಿ ಅಂದ್ರು, ಕೋರ್ಟಿನಲ್ಲಿ ಚಪ್ಪಾಳೆ ಬಿತ್ತು. ಕಂಬಾಲಪಲ್ಲಿ ಕೇಸಿನ ತೀರ್ಪು ಓದಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆದ್ರೆ ಆ ಕೋರ್ಟಿನಲ್ಲಿ ಕೂತಿದ್ದ ಜಡ್ಜ್ ವೇಟಿಸ್ ವೇರಿಂಗ್, ಗುಲಾಮರನ್ನ ಇಟ್ಕೊಂಡಿದ್ದ ಮನೆತನದವರು, ಆ ದಿನದಿಂದ ಬೇರೆ ಮನುಷ್ಯ ಆದ್ರು. 1951ರಲ್ಲಿ ಶಾಲೆಗಳ ಪ್ರತ್ಯೇಕತೆ ಕೇಸಿನಲ್ಲಿ ಉಳಿದಿಬ್ಬರು ಜಡ್ಜ್‌ಗಳಿಗೆ ವಿರುದ್ಧವಾಗಿ, ಬೇರೆ ಇಡೋದೇ ಅಸಮಾನತೆ ಅಂತ ಬರೆದ್ರು. ಅದೇ ಕೇಸು ಮುಂದೆ 1954ರ ಬ್ರೌನ್ ತೀರ್ಪಿನ ಒಂದು ಭಾಗ ಆಯ್ತು. ವೇರಿಂಗ್ ಅವರನ್ನ ಅವರ ಜಾತಿಯವರು, ಕ್ಷಮಿಸಿ, ಅವರ ಬಿಳಿ ಸಮಾಜದವರು ಊರಿಂದ ಹೊರಗೆ ಹಾಕಿದಷ್ಟೇ ಮಾಡಿದ್ರು.

ಟ್ರೂಮನ್ 1946ರ ಡಿಸೆಂಬರ್ 5ಕ್ಕೆ ನಾಗರಿಕ ಹಕ್ಕುಗಳ ಸಮಿತಿ ಮಾಡಿದ, 15 ಜನರದ್ದು. ಸಮಿತಿ ಅಂದ್ರೆ ನಮಗೆ ನಗು ಬರುತ್ತೆ. ವರದಿ ಬೀರು ಸೇರುತ್ತೆ, ಗೆದ್ದಲು ಓದುತ್ತೆ. ಇದು ಹಾಗಾಗಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಬಂದ ವರದಿ ಗುಂಪುಹತ್ಯೆ ತಡೆ ಕಾಯ್ದೆ, ವೋಟಿಗೆ ಕಟ್ಟೋ ತೆರಿಗೆ ರದ್ದು, ಉದ್ಯೋಗದಲ್ಲಿ ತಾರತಮ್ಯ ತಡೆ, ಸೈನ್ಯದಲ್ಲಿ ಪ್ರತ್ಯೇಕತೆ ಅಂತ್ಯ, ಎಲ್ಲ ಕೇಳಿತು. ಅದಕ್ಕೂ ಮೊದಲೇ, ಜೂನ್ 29ಕ್ಕೆ, ಟ್ರೂಮನ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಎನ್‌ಎಎಸಿಪಿ ಸಮಾವೇಶದಲ್ಲಿ ಮಾತಾಡಿದ್ದ. ಹಾಗೆ ಮಾತಾಡಿದ ಮೊದಲ ಅಧ್ಯಕ್ಷ ಅವನು. ಹಿಂದಿನ ದಿನ ತಂಗಿಗೆ ಬರೆದ ಕಾಗದದಲ್ಲಿ, ಭಾಷಣದ ಕೊನೇಲಿ ಲಿಂಕನ್ ಮಾತು ಬರುತ್ತೆ, ಅಮ್ಮನಿಗೆ ಇಷ್ಟ ಆಗಲ್ಲ ಅಂತ ಬರೆದಿದ್ದ. ಅಮ್ಮ ಒಂದು ತಿಂಗಳೊಳಗೆ ತೀರಿಕೊಂಡಳು. ತಾರೀಖು 1947ರ ಜುಲೈ 26.

1948ರ ಫೆಬ್ರವರಿಯಲ್ಲಿ ವರದಿಯ ಬಹುಪಾಲು ಬೇಡಿಕೆಗಳನ್ನ ಕಾಂಗ್ರೆಸ್ ಮುಂದೆ ಇಟ್ಟ. ದಕ್ಷಿಣದ ಅವನದೇ ಪಕ್ಷದವರು ಹೌಹಾರಿದ್ರು. ಅದಾದಮೇಲೆ ಟ್ರೂಮನ್ ಹಿಂದೆ ಮುಂದೆ ನೋಡೋಕೆ ಶುರು ಮಾಡಿದ. ಚುನಾವಣೆ ವರ್ಷ ಅಲ್ವಾ.

ಇಲ್ಲಿಂದ ಕಥೆಯ ನಾಯಕ ಬದಲಾಗ್ತಾರೆ. ಎ. ಫಿಲಿಪ್ ರಾಂಡಾಲ್ಫ್. ರೈಲಿನ ಮಲಗೋ ಬೋಗಿಗಳಲ್ಲಿ ಕೆಲಸ ಮಾಡ್ತಿದ್ದ ಕಪ್ಪು ಪೋರ್ಟರ್‌ಗಳ ಯೂನಿಯನ್ ಕಟ್ಟಿದವರು. ಆ ಪೋರ್ಟರ್‌ಗಳಿಗೆ ಅವರವರ ಹೆಸರಿದ್ರೂ ಪ್ರಯಾಣಿಕರು ಎಲ್ಲರನ್ನೂ "ಜಾರ್ಜ್" ಅಂತಲೇ ಕರೀತಿದ್ರು, ಕಂಪನಿ ಮಾಲೀಕ ಜಾರ್ಜ್ ಪುಲ್‌ಮನ್ ಹೆಸರಲ್ಲಿ. ಒಡೆಯನ ಹೆಸರೇ ಆಳಿನ ಹೆಸರು. ಅಂಥವರನ್ನ ಸಂಘಟನೆ ಮಾಡಿದ ರಾಂಡಾಲ್ಫ್ 1941ರಲ್ಲೇ, ಸಾವಿರಾರು ಜನರನ್ನ ವಾಷಿಂಗ್ಟನ್‌ಗೆ ಕರ್ಕೊಂಡು ಬರ್ತೀನಿ ಅಂತ ಹೆದರಿಸಿ ರೂಸ್‌ವೆಲ್ಟ್ ಕೈಯಲ್ಲಿ ಯುದ್ಧದ ಕಾರ್ಖಾನೆಗಳ ತಾರತಮ್ಯದ ವಿರುದ್ಧ ಆದೇಶ ಬರೆಸ್ಕೊಂಡಿದ್ರು.

1948ರಲ್ಲಿ ಯುವಕರನ್ನ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸೋ ಕಾಯ್ದೆ ಮತ್ತೆ ಬರ್ತಿತ್ತು. ಮಾರ್ಚ್ 22ಕ್ಕೆ ರಾಂಡಾಲ್ಫ್ ಟ್ರೂಮನ್ ಎದುರು ಕೂತು ಹೇಳಿದ್ರು: ನಮ್ಮ ಜನ ಮನೆಯಲ್ಲಿ ಪ್ರಜಾಪ್ರಭುತ್ವ ಸಿಗೋವರೆಗೆ ಹೊರಗಿನ ಪ್ರಜಾಪ್ರಭುತ್ವಕ್ಕೆ ಬಂದೂಕು ಹೊರೋ ಮನಸ್ಸಲ್ಲಿ ಇಲ್ಲ. ಟ್ರೂಮನ್‌ಗೆ ಆ ಮಾತು ಹಿಡಿಸಲಿಲ್ಲ, ನೀವದನ್ನ ಹೇಳಬಾರದಿತ್ತು ಅಂದ. ರಾಂಡಾಲ್ಫ್ ಹಿಂದೆ ಸರೀಲಿಲ್ಲ. ಮಾರ್ಚ್ 31ಕ್ಕೆ ಸೆನೆಟ್ ಸಮಿತಿ ಮುಂದೆ, ಪ್ರತ್ಯೇಕತೆ ಇರೋ ಸೈನ್ಯಕ್ಕೆ ಸೇರಬೇಡಿ ಅಂತ ಕಪ್ಪು ಬಿಳಿ ಎಲ್ಲ ಯುವಕರಿಗೂ ನಾನೇ ಹೇಳ್ತೀನಿ, ಜೈಲಿಗೆ ಹೋಗೋಕೂ ತಯಾರು ಅಂದ್ರು. ಇದು ದೇಶದ್ರೋಹ ಆಗುತ್ತೆ ಗೊತ್ತಾ ಅಂತ ಒಬ್ಬ ಸೆನೆಟರ್ ಕೇಳಿದ, ಅವನೋ ಉದಾರವಾದಿ ಅನ್ನಿಸ್ಕೊಂಡವನು! ದೇಶದ್ರೋಹದ ಪಟ್ಟ ಯಾರ ಹಣೆಗೆ ಮೊದಲು ಅಂಟುತ್ತೆ ನೋಡಿ.

ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಡೆಮಾಕ್ರಾಟಿಕ್ ಪಕ್ಷದ ಸಮಾವೇಶ. ಟ್ರೂಮನ್ ಕಡೆಯವರಿಗೆ ಬೇಕಿದ್ದದ್ದು ಯಾರಿಗೂ ನೋವಾಗದ ಮೆತ್ತನೆಯ ನಿರ್ಣಯ. ಇದನ್ನ ಅವನ ಭಕ್ತರು ಹೇಳಲ್ಲ. ಹ್ಯೂಬರ್ಟ್ ಹಂಫ್ರಿ ಮತ್ತು ಸಂಗಡಿಗರು ಗಟ್ಟಿ ನಿರ್ಣಯ ತಂದು 651½ಕ್ಕೆ 582½ ಮತಗಳಿಂದ ಗೆದ್ದರು. ದಕ್ಷಿಣದ ಒಂದಷ್ಟು ಪ್ರತಿನಿಧಿಗಳು ಎದ್ದು ಹೋದ್ರು. ಸ್ಟ್ರೋಮ್ ಥರ್ಮಂಡ್‌ನನ್ನ ಬೇರೆ ಅಭ್ಯರ್ಥಿ ಮಾಡಿದ್ರು. ಹೇಗೂ ದಕ್ಷಿಣ ಕೈಬಿಟ್ಟಿತ್ತು, ಉತ್ತರದ ನಗರಗಳ ಕಪ್ಪು ವೋಟು ಬೇಕಾಗಿತ್ತು, ಹೆನ್ರಿ ವ್ಯಾಲೇಸ್ ಎಡಗಡೆಯಿಂದ ಆ ವೋಟಿಗೇ ಕೈ ಹಾಕಿದ್ದ, ರಾಂಡಾಲ್ಫ್ ಬೀದಿಯಲ್ಲಿ ನಿಂತಿದ್ದರು, ರಷ್ಯಾದವರು ಅಮೆರಿಕದ ಗುಂಪುಹತ್ಯೆಗಳನ್ನ ಜಗತ್ತಿಗೆಲ್ಲ ತೋರಿಸ್ತಿದ್ದರು. ಇದರ ಜೊತೆಗೆ ವುಡಾರ್ಡನ ಕಣ್ಣು. ಜುಲೈ 26ಕ್ಕೆ ಸಹಿ ಬಿತ್ತು.

ಆದೇಶ ಓದಿದ್ರೆ ನಿರಾಸೆ ಆಗುತ್ತೆ. ಒಂದೇ ಪುಟದಷ್ಟು. "ಪ್ರತ್ಯೇಕತೆ" ಅನ್ನೋ ಪದವೇ ಇಲ್ಲ. ಸಮಾನ ಉಪಚಾರ, ಸಮಾನ ಅವಕಾಶ, ಸಾಧ್ಯವಾದಷ್ಟು ಬೇಗ, ಅಷ್ಟೇ. ಗಡುವು ಇಲ್ಲ. ಸೈನ್ಯದ ಮುಖ್ಯಸ್ಥ ಒಮರ್ ಬ್ರಾಡ್ಲಿ, ಸೈನ್ಯ ಅನ್ನೋದು ಸಾಮಾಜಿಕ ಪ್ರಯೋಗ ಮಾಡೋ ಜಾಗ ಅಲ್ಲ ಅಂದ. ಮೂರು ದಿನದ ನಂತರ ಪತ್ರಕರ್ತರು, ಇದರರ್ಥ ಪ್ರತ್ಯೇಕತೆ ಕೊನೆಯಾಗುತ್ತೆ ಅಂತಲಾ ಅಂತ ಕೇಳಿದಾಗ ಟ್ರೂಮನ್ ಹೌದು ಅಂದ. ರಾಂಡಾಲ್ಫ್ ಆ ಮಾತಿನ ಮೇಲೆ ಚಳವಳಿ ನಿಲ್ಲಿಸಿದ್ರು. ಅವರ ಜೊತೆಗಿದ್ದ ಬೇಯಾರ್ಡ್ ರಸ್ಟಿನ್‌ನಂಥ ಹುಡುಗರು, ಇದು ಮೋಸ, ಅವಸರ ಪಟ್ರಿ ಅಂತ ಜಗಳ ಆಡಿದ್ರು. ಈ ಜಗಳ ಯಾವ ಚಳವಳಿಯಲ್ಲಿ ಇಲ್ಲ ಹೇಳಿ.

ಆ ನವೆಂಬರ್‌ನಲ್ಲಿ ಎಲ್ಲ ಪತ್ರಿಕೆಗಳೂ ಸೋಲ್ತಾನೆ ಅಂದಿದ್ದ ಟ್ರೂಮನ್ ಗೆದ್ದ. ಓಹಿಯೋದಲ್ಲಿ ಅಂತರ ಬರೀ 7 ಸಾವಿರ ಚಿಲ್ಲರೆ, ಕ್ಯಾಲಿಫೋರ್ನಿಯಾದಲ್ಲಿ 18 ಸಾವಿರದ ಒಳಗೆ, ಇಲಿನಾಯ್‌ನಲ್ಲಿ 33 ಸಾವಿರದ ಆಸುಪಾಸು. ಮೂರೂ ಕಡೆ ಕಪ್ಪು ಜನರ ವೋಟು ಇಲ್ಲದಿದ್ರೆ ಮುಗೀತಿತ್ತು.

ಸೈನ್ಯ ಮಾತ್ರ ಎರಡು ವರ್ಷ ಎಳೆದಾಡಿತು. ಚಾರ್ಲ್ಸ್ ಫಾಹಿ ಸಮಿತಿ ಬೆನ್ನು ಬಿಡದೆ ಕೂತು, ಕಪ್ಪು ಜನ ನೂರಕ್ಕೆ 10 ಮೀರಬಾರದು ಅನ್ನೋ ಮಿತಿಯನ್ನ 1950ರಲ್ಲಿ ತೆಗೆಸಿತು. ನೆನಪಿಡಿ, ಅದು ನಮ್ಮ ಮೀಸಲಾತಿ ಥರದ್ದಲ್ಲ. ನಮ್ಮದು ಇಷ್ಟಾದ್ರೂ ಇರಲೇಬೇಕು ಅನ್ನೋ ಲೆಕ್ಕ, ಅವರದ್ದು ಇಷ್ಟಕ್ಕಿಂತ ಹೆಚ್ಚು ಬರಬೇಡಿ ಅನ್ನೋ ಬೇಲಿ. ಕೊನೆಗೆ ಕೆಲಸ ಮುಗಿಸಿದ್ದು ಕೊರಿಯಾ ಯುದ್ಧ. ಬಿಳಿ ಪಡೆಗಳಲ್ಲಿ ಜನ ಸಾಯ್ತಿದ್ರು, ಕಪ್ಪು ಪಡೆಗಳಲ್ಲಿ ಜನ ಹೆಚ್ಚಿದ್ರು, ಕಮಾಂಡರ್‌ಗಳು ಗತಿಯಿಲ್ಲದೆ ಸೇರಿಸಿದ್ರು. ಒಂದೇ ಗುಂಡಿಯಲ್ಲಿ ಮಲಗಿದ ಮೇಲೆ ಆಕಾಶ ಏನೂ ಬೀಳಲಿಲ್ಲ. 1954ರ ಹೊತ್ತಿಗೆ ಕೊನೆಯ ಕಪ್ಪು ಪಡೆಯೂ ವಿಸರ್ಜನೆಯಾಯ್ತು.

ನಮ್ಮ ಕಡೆ ಹೋರಾಟ ಇದಕ್ಕೆ ತಿರುಗುಮುರುಗು ಇತ್ತು. ಬ್ರಿಟಿಷರು 1890ರ ದಶಕದಲ್ಲಿ ಮಹಾರರಿಗೆ ಸೈನ್ಯದ ಬಾಗಿಲೇ ಮುಚ್ಚಿದ್ರು. ಸುಬೇದಾರ್ ರಾಮ್‌ಜಿ ಅವರ ಮಗ ಆ ಬಾಗಿಲು ತೆಗೆಸೋಕೆ ಹೋರಾಡಬೇಕಾಯ್ತು. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಅಲ್ಲಿ ಬೇರೆ ಪಡೆ ಅವಮಾನ, ಇಲ್ಲಿ ಬೇರೆ ಪಡೆಯೇ ಒಳಗೆ ಹೋಗೋ ದಾರಿ. ಎರಡೂ ಹೋರಾಟ ಸರಿ. ಬೇರೆ ಇರಬೇಕೋ ಸೇರಬೇಕೋ ಅನ್ನೋದನ್ನ ತೀರ್ಮಾನ ಮಾಡೋರು ಯಾರು ಅನ್ನೋದೇ ವಿಷಯ.

ಇನ್ನು ಲೆಕ್ಕದ ಇನ್ನೊಂದು ಪುಟ. ಟ್ರೂಮನ್ 1947ರಲ್ಲಿ ತಂದ ನಿಷ್ಠೆ ತಪಾಸಣೆ ವ್ಯವಸ್ಥೆ ಸರ್ಕಾರಿ ನೌಕರರನ್ನ ಕಮ್ಯುನಿಸ್ಟ್ ಅನ್ನೋ ಗುಮಾನಿಯಿಂದ ಹಿಂಡಿತು. ಬಾಬಾಸಾಹೇಬರಿಗೆ ಉತ್ತರ ಬರೆದ ಆ ಡುಬಾಯ್ಸ್ ಅವರನ್ನ 1951ರಲ್ಲಿ, 83ನೇ ವಯಸ್ಸಿಗೆ, ವಿದೇಶಿ ಏಜೆಂಟ್ ಅಂತ ಇವನ ಸರ್ಕಾರವೇ ಕೋರ್ಟಿಗೆ ಎಳೀತು. ಜಡ್ಜ್ ಕೇಸು ವಜಾ ಮಾಡಿದ್ರು, ಅವಮಾನ ಉಳೀತು. ಗುಂಪುಹತ್ಯೆ ವಿರುದ್ಧ ಕಾಯ್ದೆ ಇವನ ಕಾಲದಲ್ಲಿ ಪಾಸಾಗಲಿಲ್ಲ. ಅದು ಪಾಸಾಗಿದ್ದು 2022ರಲ್ಲಿ. ಹೌದು, 2022. ಇನ್ನೊಂದು ಕಡೆ, ಶಾಲೆಗಳ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಅಂತ 1952ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದ್ದು ಇವನದೇ ನ್ಯಾಯ ಇಲಾಖೆ. 1953ರ ಜನವರಿಯಲ್ಲಿ ಅಧಿಕಾರ ಬಿಟ್ಟು ಇಂಡಿಪೆಂಡೆನ್ಸ್ ಊರಿಗೆ ರೈಲು ಹತ್ತಿದಾಗ ಜನಪ್ರಿಯತೆ ನೆಲ ಕಚ್ಚಿತ್ತು.

1960ರಲ್ಲಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಹೋಟೆಲುಗಳಲ್ಲಿ ಕೂತು ಊಟ ಕೇಳೋ ಸತ್ಯಾಗ್ರಹ ಶುರು ಮಾಡಿದಾಗ ಮುದುಕ ಟ್ರೂಮನ್ ಏನಂದ ಗೊತ್ತಾ? ನನ್ನ ಅಂಗಡಿಗೆ ಬಂದು ಹಾಗೆ ಕೂತಿದ್ರೆ ಎತ್ತಿ ಹೊರಗೆ ಹಾಕ್ತಿದ್ದೆ, ಇದರ ಹಿಂದೆ ಕಮ್ಯುನಿಸ್ಟರಿದ್ದಾರೆ ಅಂದ. ಮಾರ್ಟಿನ್ ಲೂಥರ್ ಕಿಂಗ್ ಬೇಸರದಿಂದ ಕಾಗದ ಬರೆದ್ರು. ಕಪ್ಪು ಬಿಳಿ ಮದುವೆಗಳನ್ನೂ ಟ್ರೂಮನ್ ಕಡೇವರೆಗೂ ಒಪ್ಪಲಿಲ್ಲ. 1940ರಲ್ಲಿ ಹೇಳಿದ್ದನ್ನೇ ಹೇಳಿದ. ಕಾನೂನು ಸರಿ, ಪಂಕ್ತಿ ಬೇಡ, ಸಂಬಂಧವಂತೂ ಬೇಡವೇ ಬೇಡ. 1972ರ ಡಿಸೆಂಬರ್ 26ಕ್ಕೆ, 88ನೇ ವಯಸ್ಸಿಗೆ ತೀರಿಕೊಂಡ.

ತಮ್ಮಾ, ನಾನು ಚಪ್ಪಾಳೆ ತಟ್ಟು ಅಂತ ಹೇಳ್ತಿಲ್ಲ. ಅವನ ಎದೆ ಬದಲಾಯ್ತಾ ಅಂತ ನೀನು ಕೇಳಿದ್ರೆ, ಅರ್ಧ ಅಂತೀನಿ. ರಾಂಡಾಲ್ಫ್ ಅವನ ಎದೆ ಪೂರ್ತಿ ಬದಲಾಗಲಿ ಅಂತ ಕಾಯ್ತಾ ಕೂರಲಿಲ್ಲ, ಕೈ ಬರೆಯೋ ಹಾಗೆ ಮಾಡಿದ್ರು. ಆ ಸಹಿಯಿಂದ ಲಕ್ಷಾಂತರ ಕಪ್ಪು ಹುಡುಗರಿಗೆ ಬಡ್ತಿ, ಬಿಳಿಯರಿಗೆ ಆಜ್ಞೆ ಕೊಡೋ ಅಧಿಕಾರ ಬಂತು. ಹಿರೋಷಿಮಾ ಕೂಡ ಅದೇ ಕೈಯಿಂದ ಬಂತು. ನನಗೆ ಇವೆರಡನ್ನೂ ಕೂಡಿಸಿ ಕಳೆದು ಒಂದು ಅಂಕಿ ಬರೆಯೋಕೆ ಬರಲ್ಲ.

ಐಸಾಕ್ ವುಡಾರ್ಡ್ ನ್ಯೂಯಾರ್ಕಿಗೆ ಹೋಗಿ ನೆಲೆಸಿದ. ಕುರುಡನಾಗಿ 46 ವರ್ಷ ಬದುಕಿ 1992ರಲ್ಲಿ ತೀರಿಕೊಂಡ. ಕುಡಿದು ಗಲಾಟೆ ಮಾಡಿದ ಅನ್ನೋ ಆ ಕೇಸನ್ನ ಬೇಟ್ಸ್‌ಬರ್ಗಿನ ಕೋರ್ಟು 2018ರಲ್ಲಿ ವಜಾ ಮಾಡಿತು. ಮರುವರ್ಷ ಊರಲ್ಲಿ ಅವನ ನೆನಪಿಗೆ ಒಂದು ಫಲಕ ನಿಲ್ಲಿಸಿದ್ರು. ಅದರ ಕೆಳಭಾಗದಲ್ಲಿ ಬ್ರೈಲ್ ಅಕ್ಷರದ ಬರಹ ಇದೆ.